ಇಂಗ್ಲೆಂಡಿನ ‘ಮದ್ರಾಸ್ ಪದ್ಧತಿ’ ನಮ್ಮ ಕೂಲಿಮಠದ್ದೇ? ಹಾಗಿದ್ದರೆ ಅಲ್ಲಿ ಏಕೆ ಬಾಳಲಿಲ್ಲ?

ನೀವು ಕೇಳಿದ್ದು ಎರಡು ವಿಷಯ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿದ, ಕಲಿತ ಹುಡುಗರಿಂದಲೇ ಉಳಿದವರಿಗೆ ಕಲಿಸುವ ‘ಮದ್ರಾಸ್ ಪದ್ಧತಿ’ ನಮ್ಮ ಊರ ಕೂಲಿಮಠಗಳಿಂದ, ಅಂದರೆ ಹಿಂದಿನ ಊರಶಾಲೆಗಳಿಂದ, ಹೋದದ್ದೇ ಎಂಬುದು ಒಂದು. ಅಷ್ಟು ಚೆನ್ನಾಗಿದ್ದರೆ ಅಲ್ಲಿ ಅದು ಏಕೆ ನಿಲ್ಲಲಿಲ್ಲ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ: ಅರ್ಧ ಹೌದು. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಹೊಣೆ ವಹಿಸಿಕೊಂಡ. ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲೂ ಹಾಗೇ ಮಾಡಿಸಲು ಹೊರಟ. ಸಹಾಯಕ ಶಿಕ್ಷಕರು ಇದು ಆಗದ ಮಾತು ಎಂದರು. ಆಗ ಅವನು ಜಾನ್ ಫ್ರಿಸ್ಕನ್ ಎಂಬ 8 ವರ್ಷದ ಹುಡುಗನಿಗೆ ಅಕ್ಷರ ಕಲಿಸುವ ಕೆಲಸ ಒಪ್ಪಿಸಿದ. ಅದು ಫಲಿಸಿತು. 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ವರದಿಯಲ್ಲಿ ಮರಳಿನ ವಿಷಯವನ್ನು ಇಲ್ಲಿಂದ ಪಡೆದದ್ದೆಂದು ಒಪ್ಪಿಕೊಂಡ. ಹುಡುಗರಿಂದ ಹುಡುಗರಿಗೆ ಕಲಿಸುವ ಏರ್ಪಾಡನ್ನು ಮಾತ್ರ ತನ್ನದೇ ಶೋಧ ಎಂದ.

ಆ ಎರಡನೇ ಮಾತು ನನಗೆ ಒಪ್ಪಿಗೆಯಿಲ್ಲ. ಬೆಲ್‌ಗಿಂತ ನೂರಾ ಅರವತ್ತಕ್ಕೂ ಹೆಚ್ಚು ವರ್ಷ ಮೊದಲು, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವ ದಾರಿಯಲ್ಲಿ ದೇವಸ್ಥಾನವೊಂದರ ಮುಖಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ನೆಲದ ಮೇಲೆ ನುಣ್ಣನೆಯ ಮರಳು. ಒಬ್ಬ ರಾಗವಾಗಿ ಒಂದು ಸಾಲು ಹೇಳಿ ಬೆರಳಿನಿಂದ ಬರೆಯುತ್ತಾನೆ. ಉಳಿದ ಮೂವರೂ ಅದನ್ನೇ ಹಾಡಿ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಾರೆ. ಮೇಷ್ಟ್ರು ಅಲ್ಲಿಲ್ಲ. ‘ತಪ್ಪಿದರೆ ತಿದ್ದುವವರು ಯಾರು?’ ಎಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ತಪ್ಪಲು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂದರಂತೆ. ಪರಸ್ಪರ ಕಲಿಕೆಯ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಓದಿಲ್ಲ. ಈ ಉತ್ತರವನ್ನು ಮನಸ್ಸಿನಲ್ಲಿಡಿ, ಎರಡನೇ ಪ್ರಶ್ನೆಗೆ ಬೇಕಾಗುತ್ತದೆ.

ಕೂಲಿಮಠದ ಒಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಬಹಳ ಒಳ್ಳೆಯ ದಾಖಲೆ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ಬೇರೆ ಕೆಲವರು ಬರೀ ಅಂಕಿ ತುಂಬಿ ಕೈತೊಳೆದುಕೊಂಡರೆ, ಈತ ಪಾಠ ನಡೆಯುವ ಕ್ರಮವನ್ನೂ ಬರೆದ. ಮಗುವಿಗೆ 5 ವರ್ಷವಾದಾಗ ಶಾಲೆಗೆ ಸೇರಿಸುವುದು, ಗಣಪತಿ ಪೂಜೆ, ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಸುವುದು. ಬೆಳಿಗ್ಗೆ 6ಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತದೆ. ಹಾಜರಿ ಪುಸ್ತಕವೇ ಬೇಕಿಲ್ಲ! ಸೋಮಾರಿ ಹುಡುಗನಿಗೆ ಬಸ್ಕಿ, ಇಲ್ಲವೇ ಎರಡೂ ಕೈ ಕಟ್ಟಿ ರಾಟೆಯಿಂದ ಸೂರಿಗೆ ಎಳೆಯುವ ಕೋದಂಡ. ಕೂಲಿಮಠ ಎಂದ ಕೂಡಲೇ ನೆರಳು, ಮರ, ಪ್ರೀತಿಯ ಗುರು ಎಂದು ಕಣ್ಣು ತೇವ ಮಾಡಿಕೊಳ್ಳುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಬರೆಯುವ ಸಾಮಾನಿನ ವಿವರ ಸೊಗಸಾಗಿದೆ. ಮರಳು ದಾಟಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಸುಮಾರು 3 ಅಡಿ ಉದ್ದ, 1 ಅಡಿ ಅಗಲ. ನಯವಾಗಿ ಹತ್ತರಿ ಹೊಡೆದು ಅನ್ನ ಮತ್ತು ಇದ್ದಿಲ ಪುಡಿ ಬಳಿದದ್ದು. ಕಡತ ಬಟ್ಟೆಯದು: ಗಂಜಿ ಹಾಕಿ ಬಿಗಿ ಮಾಡಿ, ಇದ್ದಿಲು ಮತ್ತು ಅಂಟು ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಕತ್ತರಿಸದೆ ಪುಸ್ತಕದ ಹಾಗೆ ಮಡಚಿಡುವುದು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ವ್ಯಾಪಾರಿಗಳು, ಶಾನುಭೋಗರು ಲೆಕ್ಕ ಇಡುತ್ತಿದ್ದ ಕಡತವೂ ಇದೇ ಜಾತಿಯದು; ಅಂಥವು 12ರಿಂದ 18 ಅಡಿ ಉದ್ದ ಇರುತ್ತಿದ್ದವೆಂದು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಹುಡುಗ ಮುಂದೆ ಯಾವುದರ ಮೇಲೆ ದುಡಿಯಬೇಕೋ ಅದರ ಮೇಲೆಯೇ ಕಲಿಯುತ್ತಿದ್ದ.

ಲೆಕ್ಕದಲ್ಲಿ ಜೋರು ಇದ್ದದ್ದು ಭಿನ್ನರಾಶಿಯಲ್ಲಿ. ಹತ್ತರಿಂದಲ್ಲ, ನಾಲ್ಕರಿಂದ ಭಾಗಿಸುತ್ತಾ ಹೋಗುವ ಭಿನ್ನರಾಶಿ: ಕಾಲು, ಕಾಲಿನ ಕಾಲು, ಹೀಗೆ. ದಿನಕ್ಕೆ ಎರಡು ಸಲ ಎಲ್ಲರೂ ಸಾಲಾಗಿ ನಿಂತು, ಓದಿನಲ್ಲಿ ಮುಂದಿರುವ ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿ, ತೂಕ, ಅಳತೆ ಎಲ್ಲವನ್ನೂ ಒಪ್ಪಿಸಬೇಕು. ಕೆಳಗಿನ ತರಗತಿಗಳು ಓದಿನಲ್ಲಿ ಮುಂದಿರುವ ಹುಡುಗರ ಕೈಯಲ್ಲಿ, ಮೇಲಿನವು ಐಗಳ, ಅಂದರೆ ಕೂಲಿಮಠದ ಮೇಷ್ಟ್ರ ಕೈಯಲ್ಲಿ. ಆದರೂ ಎಲ್ಲರ ಮೇಲೂ ಐಗಳ ಕಣ್ಣು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯೇ ಎಂದ. ಅದೇ ಉಸಿರಿನಲ್ಲಿ, ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಹುಡುಗರು ಅರ್ಥವಿಲ್ಲದೆ ಗಿಳಿಪಾಠ ಒಪ್ಪಿಸುತ್ತಾರೆ ಎಂದು ಬೈದ. ಎರಡೂ ನಿಜವೆಂದೇ ನನ್ನ ಓದು.

ಈಗ ಎರಡನೇ ಪ್ರಶ್ನೆ. ಬಳ್ಳಾರಿ ಜಿಲ್ಲೆಯಲ್ಲಿ ಕ್ಯಾಂಪ್‌ಬೆಲ್ ಎಣಿಸಿದ್ದು 533 ಶಾಲೆ, 6,641 ಮಕ್ಕಳು. ಭಾಗಿಸಿ ನೋಡಿ: ಶಾಲೆಗೆ 12 ಚಿಲ್ಲರೆ. ಐಗಳು ಕೂತಲ್ಲಿಂದಲೇ ಕೊನೆಯ ಹುಡುಗನ ತಪ್ಪು ಕೇಳಿಸುತ್ತದೆ. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ 1798ರಲ್ಲಿ ಸೌತ್‌ವರ್ಕ್‌ನಲ್ಲಿ ಶಾಲೆ ತೆರೆದು ಇದನ್ನೇ ನೂರಾರು ಮಕ್ಕಳಿಗೆ ಹಿಗ್ಗಿಸಿದ. ಒಬ್ಬನೇ ಮೇಷ್ಟ್ರು ಸಾವಿರ ಮಕ್ಕಳನ್ನೂ ನಡೆಸಬಹುದು ಎನ್ನುತ್ತಿದ್ದ. ಸುಮಾರು ಹತ್ತು ಮಕ್ಕಳಿಗೊಬ್ಬ ಮಾನಿಟರ್, ಅಂದರೆ ಪಾಠ ಹೇಳಿಕೊಡುವ ಹುಡುಗ. ಪಾಠದ ಹಾಳೆಯನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಗೋಡೆಗೆ ತೂಗುಹಾಕಿದರೆ ಅರ್ಧವೃತ್ತದಲ್ಲಿ ನಿಂತು ಎಲ್ಲರೂ ಓದಬಹುದು, ಪುಸ್ತಕದ ಖರ್ಚಿಲ್ಲ. ಚಿಕ್ಕವರಿಗೆ ಅಂಚು ಕಟ್ಟಿದ ಕಪ್ಪು ಮೇಜಿನ ಮೇಲೆ ಒಣ ಮರಳು. ಓದಿನಲ್ಲಿ ಒಂದು ತರಗತಿ, ಲೆಕ್ಕದಲ್ಲಿ ಇನ್ನೊಂದು ತರಗತಿ ಎಂದು ಮಗುವಿನ ಮಟ್ಟ ನೋಡಿ ಕೂರಿಸುತ್ತಿದ್ದ, ಆ ಜಾಣ್ಮೆಯನ್ನು ಒಪ್ಪಬೇಕು. ತಪ್ಪು ಮಾಡಿದವನ ಕೊರಳಿಗೆ 4ರಿಂದ 6 ಪೌಂಡ್ ತೂಕದ ಮರದ ತುಂಡು, ಇಲ್ಲವೇ ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಎಳೆಯುವುದು. ಕೋದಂಡ ಅಲ್ಲೂ ಇತ್ತು ಎನ್ನಿ.

ಎಡವಿದ್ದು ಇಲ್ಲೇ. ಇಕ್ಕೇರಿ ದಾರಿಯ ನಾಲ್ವರಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬ ಹಿಡಿಯುತ್ತಿದ್ದ, ಏಕೆಂದರೆ ನಾಲ್ವರಿಗೂ ಅದೇ ಪಾಠ ಐಗಳಿಂದ ನೇರವಾಗಿ ಸಿಕ್ಕಿತ್ತು. ಲಂಡನ್ನಿನ ಹತ್ತು ಮಕ್ಕಳಿಗೆ ಸಿಗುತ್ತಿದ್ದದ್ದು ಮಾನಿಟರ್ ಬಾಯಿಂದ ಬಂದ ಪಾಠ ಮಾತ್ರ. ಅವನೇ ತಪ್ಪಿದರೆ ತಿದ್ದುವವರಿಲ್ಲ. ಹತ್ತೂ ಮಕ್ಕಳು ಆ ತಪ್ಪನ್ನೇ ಕಲಿಯುತ್ತಾರೆ, ಮೇಷ್ಟ್ರು ಕೋಣೆಯ ಆ ತುದಿಯಲ್ಲಿ. ಮಗು ‘ಯಾಕೆ?’ ಎಂದರೆ ತಾನೂ ಮಗುವೇ ಆದ ಮಾನಿಟರ್ ಏನು ಹೇಳಿಯಾನು? ಹಾಗಾಗಿ ಬಾಯಿಪಾಠ ಒಂದೇ ಉಳಿಯಿತು. ಗದ್ದಲ ಬೇರೆ.

ಇನ್ನು ಉದ್ದೇಶ. ಬೆಲ್ ಬಡಮಕ್ಕಳಿಗೆ ಬರವಣಿಗೆ, ಲೆಕ್ಕ ಕೂಡ ಕಲಿಸಬೇಕೆಂಬ ಪ್ರಸ್ತಾಪ ತನ್ನದಲ್ಲ ಎಂದು ಬರೆದವನು. ಬೈಬಲ್ ಓದಲು ಬಂದರೆ ಸಾಕು. ಬಳ್ಳಾರಿಯ ಹುಡುಗನಿಗೆ ಲೆಕ್ಕವೇ ಅನ್ನ. ಬೆಲ್ ಬೆನ್ನಿಗೆ ನಿಂತ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನವರು, 1811ರಲ್ಲಿ ಶಾಲೆ ನಡೆಸಲು ನ್ಯಾಷನಲ್ ಸೊಸೈಟಿ ಕಟ್ಟಿದರು, ಲ್ಯಾಂಕಾಸ್ಟರ್ ಬೆನ್ನಿಗೆ ನಿಂತವರು ಬೇರೆ ಪಂಗಡದವರು. ಯಾರು ಮೊದಲು ಕಂಡುಹಿಡಿದರು ಎಂಬ ಜಗಳದಲ್ಲಿ ವರ್ಷಗಳು ಕಳೆದವು. ಅಷ್ಟರಲ್ಲಿ ಪದ್ಧತಿ ನ್ಯೂಯಾರ್ಕ್, ಪ್ಯಾರಿಸ್, ಮೆಕ್ಸಿಕೋ ತನಕ ಹೋಗಿತ್ತು. ಕಡಿಮೆ ಖರ್ಚು ಎಂಬುದೇ ಅದರ ಬಲ, ಅದೇ ಅದರ ರೋಗ. 1846ರಲ್ಲಿ ಸರ್ಕಾರ 13 ವರ್ಷ ದಾಟಿದವರನ್ನು 5 ವರ್ಷ ಸಂಬಳ ಕೊಟ್ಟು ಶಿಕ್ಷಕರಾಗಿ ತಯಾರು ಮಾಡುವ ಕ್ರಮ ತಂದಿತು. ವರ್ಷಕ್ಕೆ 10 ಪೌಂಡಿನಿಂದ ಆರಂಭವಾಗಿ 20ರವರೆಗೆ. ಮಾನಿಟರ್ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಕೊನೆಗೆ, ಕ್ಯಾಂಪ್‌ಬೆಲ್ ವರದಿಯ ಅಂಕಿಗಳನ್ನು ಎಲ್ಲಾದರೂ ಬಳಸುವುದಾದರೆ ಒಂದು ಎಚ್ಚರ. 533 ಶಾಲೆ ಎಂಬುದನ್ನು ಮಾತ್ರ ಎತ್ತಿ ತೋರಿಸಬೇಡಿ. ಆಗ ಅನಂತಪುರವೂ ಬಳ್ಳಾರಿ ಜಿಲ್ಲೆಯೊಳಗಿತ್ತು. ಕನ್ನಡ ಶಾಲೆ 235, ತೆಲುಗಿನವು 226. ಜಿಲ್ಲೆಯ ಜನಸಂಖ್ಯೆ 9,27,857, ಅಂದರೆ ಸಾವಿರಕ್ಕೆ 7 ಮಂದಿ ಮಾತ್ರ ಶಾಲೆಯಲ್ಲಿದ್ದರು. 6,641 ಮಕ್ಕಳಲ್ಲಿ ಹುಡುಗಿಯರು 60. ನೇಕಾರಿಕೆ ಕುಸಿದು ಜನ ಬಡವಾದದ್ದರಿಂದ ಇದ್ದ ಶಾಲೆಗಳೂ ಮುಚ್ಚುತ್ತಿವೆ ಎಂದು ಕ್ಯಾಂಪ್‌ಬೆಲ್ ತನ್ನ ಸರ್ಕಾರಕ್ಕೇ ಬರೆದಿದ್ದಾನೆ. ಹೊಗಳುವವರು ಹುಡುಗಿಯರ ಅಂಕಿಯನ್ನು ಬಿಡುತ್ತಾರೆ, ತೆಗಳುವವರು ಈ ಕೊನೆಯ ಮಾತನ್ನು ಬಿಡುತ್ತಾರೆ. ಎರಡನ್ನೂ ಸೇರಿಸಿ ಬರೆಯಿರಿ.