ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಯಾಕೆ? ಅಲ್ಲಿ ಜಾಗ ಕೊಳ್ಳಬಹುದಾ?

ಲಕ್ಷದ್ವೀಪ ನಮ್ಮ ದೇಶದ್ದೇ ಅಲ್ವಾ, ಮತ್ತೆ ಪರ್ಮಿಟ್ ಯಾಕೆ, ಒಂದಿಷ್ಟು ಜಾಗ ತಗೊಂಡು ರೆಸಾರ್ಟ್ ಮಾಡಬಹುದಾ ಎಂದು ಕೇಳಿದ್ದೀರಿ. ನಾನು ಮಂಗಳೂರಿನ ಹಳೆ ಬಂದರಿನಲ್ಲಿ ದ್ವೀಪಕ್ಕೆ ಸರಕು ಒಯ್ಯುವ ದೋಣಿಗಳಾದ ಮಂಜಿಗಳ ಲೆಕ್ಕ ಬರೆಯುವವನು. ಅಲ್ಲಿಗೆ ತರಕಾರಿ, ಜಲ್ಲಿ, ಸಿಮೆಂಟ್ ಇಲ್ಲಿಂದ ಹೋಗುತ್ತದೆ. 1956ರವರೆಗೆ ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಒಡನಾಟ ಹಳೆಯದು.

ಜಾಗದ ಮಾತು ಮೊದಲು ಮುಗಿಸುತ್ತೇನೆ. ಆ ಆಸೆ ಬಿಡಿ. ದ್ವೀಪದವರು ಹೆಚ್ಚುಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡದವರು. 1965ರ ಭೂ ಕಾನೂನಿನ ಪ್ರಕಾರ ಅವರ ಜಾಗವನ್ನು ಆಡಳಿತದ ಅನುಮತಿ ಇಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ. "ಪರಿಚಯದವರ ಹೆಸರಲ್ಲಿ ಮಾಡಿಸೋಣ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದು ಬೇನಾಮಿ. ನಿಮ್ಮ ದುಡ್ಡು ಹೋಗುತ್ತದೆ, ಪಾಪ ಆ ಮನೆಯವರೂ ಕೋರ್ಟು ಅಲೆಯಬೇಕಾಗುತ್ತದೆ.

ಅದೂ ಅಲ್ಲದೆ ಅಲ್ಲಿ ಜಾಗ ಒಬ್ಬರ ಕೈಯಲ್ಲೇ ಇರುವುದು ಕಡಿಮೆ. ಅಲ್ಲಿನ ಮುಸ್ಲಿಮರಲ್ಲಿ ತರವಾಡಿನ, ಅಂದರೆ ಕೂಡುಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ, ನಮ್ಮ ಅಳಿಯಕಟ್ಟಿನ ಹಾಗೆ. ಅದಕ್ಕೆ ಅವರು ಶುಕ್ರವಾರದ ಸೊತ್ತು ಎನ್ನುತ್ತಾರೆ. ಸ್ವಂತ ದುಡಿದು ಮಾಡಿದ್ದು ಸೋಮವಾರದ ಸೊತ್ತು. ಎಷ್ಟು ಚೆಂದದ ಹೆಸರು!

ಇನ್ನು ಪರ್ಮಿಟ್. 1967ರ ನಿಯಮದಂತೆ ಹೊರಗಿನವರು ಅಲ್ಲಿಗೆ ಹೋಗಲು, ಉಳಿಯಲು ಮೊದಲೇ ಅನುಮತಿ ಪಡೆಯಬೇಕು. ಪರಿಶಿಷ್ಟ ಪಂಗಡದವರ ಹಿತಕ್ಕಾಗಿ ಓಡಾಟಕ್ಕೆ ಮಿತಿ ಹಾಕಲು ಸಂವಿಧಾನದ 19(5)ನೇ ವಿಧಿಯೇ ಅವಕಾಶ ಕೊಟ್ಟಿದೆ. ನನಗೂ ಮೊದಮೊದಲು ಇದು ಸುಮ್ನೆ ಕಿರಿಕಿರಿ ಅನಿಸಿತ್ತು. ಕಿಲ್ತಾನಿಗೆ ಹೋದಾಗ ಗೊತ್ತಾಯಿತು. ಉಳಿದುಕೊಂಡ ಮನೆಯ ಬಾವಿಗೆ ನಾನು ಕೊಡಪಾನ ಜೋರಾಗಿ ಇಳಿಸಿದೆ. ಆ ಮನೆಯ ಅಜ್ಜಿ ಹಗ್ಗ ಹಿಡಿದು ನಿಲ್ಲಿಸಿದರು. ಮೇಲಿಂದ ಮೆಲ್ಲ ತೆಗಿ, ಕೆಳಗೆ ಉಪ್ಪಿದೆ ಎಂದರು. ಅಲ್ಲಿ ಹೊಳೆಯಿಲ್ಲ, ಗುಡ್ಡವಿಲ್ಲ. ಹವಳದ ಮರಳಿಗೆ ಇಂಗಿದ ಮಳೆನೀರು ಸಮುದ್ರದ ನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಅಷ್ಟೇ. ಜಾಸ್ತಿ ಎಳೆದರೆ ಬಾವಿ ಉಪ್ಪಾಗುತ್ತದೆ. ಎಲ್ಲ ದ್ವೀಪ ಸೇರಿ 32 ಚದರ ಕಿಲೋಮೀಟರು, 2011ರ ಗಣತಿಯಲ್ಲಿ 64,473 ಜನ. ಬಿತ್ರಾ ದ್ವೀಪವಂತೂ ಇಡೀ ಸುಮಾರು 25 ಎಕರೆ, ನಮ್ಮ ಕಡೆ ಒಂದು ದೊಡ್ಡ ಅಡಿಕೆ ತೋಟದಷ್ಟು. ಬಂದವರೆಲ್ಲ ಅಲ್ಲೇ ಉಳಿದರೆ ನೀರು ಯಾರಿಗೆ ಸಾಲಬೇಕು?

ಆದರೆ ಇಂಥ ನಿಯಮಗಳು ದ್ವೀಪದವರಿಗೂ ಚುಚ್ಚಿವೆ. ಪರಿಶಿಷ್ಟ ಪಂಗಡದವರು ಯಾರು ಎಂದು ಹೇಳುವ 1951ರ ಆದೇಶದ ಪ್ರಕಾರ ತಾನೂ, ತಂದೆತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದವರಿಗೆ ಮಾತ್ರ ಪಂಗಡದ ಹಕ್ಕಿತ್ತು. ಹೆರಿಗೆ ಕಷ್ಟವಾಗಿ ನಮ್ಮ ಕಡೆಯ ದಡಕ್ಕೆ ಬಂದ ತಾಯಂದಿರು ಏನು ಮಾಡಬೇಕಿತ್ತು ಹೇಳಿ. ನಮ್ಮ ಬಂದರಿಗೆ ಬರುತ್ತಿದ್ದ ಒಬ್ಬ ತಂಡೇಲರು, ಅಂದರೆ ಮಂಜಿ ನಡೆಸುವವರು, ಮಗಳ ಜನನ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಹುಟ್ಟಿದ ಊರು ಎಂಬಲ್ಲಿ ಮಂಗಳೂರು ಎಂದಿತ್ತು. ಆ ಒಂದು ಶಬ್ದದ ಮೇಲೆ ಬೆರಳಿಟ್ಟು, "ಇವಳು ನಮ್ಮವಳಲ್ವಾ?" ಎಂದು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. 2009ರಲ್ಲಿ ಬಂದ ಕಾನೂನು ಅದನ್ನು ತಿದ್ದಿತು. ದಡದಲ್ಲಿ ಹುಟ್ಟಿದ ಮಕ್ಕಳು ದ್ವೀಪದಲ್ಲಿ ಕಾಯಂ ನೆಲೆಸಿದರೆ ಅಲ್ಲೇ ಹುಟ್ಟಿದಂತೆ ಲೆಕ್ಕ.

ನೀವು ಖಂಡಿತ ಹೋಗಿ ಬನ್ನಿ. ದ್ವೀಪದವರೇ ನಡೆಸುವ ಮನೆಯಲ್ಲಿ ಇಳಿದುಕೊಳ್ಳಿ. ಪರ್ಮಿಟ್ಟಿನ ಎರಡು ಪ್ರತಿ ಕೈಯಲ್ಲಿರಲಿ. ಬರುವಾಗ ಹವಳದ ಚೂರೂ ತರಬೇಡಿ, ಸತ್ತದ್ದಾದರೂ ಅಷ್ಟೆ, ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.