ಗೊರಸಿನಿಂದ ಕೆಟ್ಟ ವಾಸನೆ ಬಂದರೆ?

ಪ್ರಶ್ನೆ: ಮಳೆ ಶುರುವಾದಾಗಿನಿಂದ ನಮ್ಮ ರೇಸ್ ಕುದುರೆಯ ಹಿಂಗಾಲಿನ ಗೊರಸಿನಿಂದ ಕೊಳೆತ ವಾಸನೆ, ಕಪ್ಪು ಲೋಳೆ ಬರುತ್ತಿದೆ. ಲಾಯವನ್ನು ದಿನಾ ತೊಳೆಸುತ್ತೇವೆ. ಆದರೂ ಯಾಕೆ ಹೀಗೆ?
– ಓದುಗರು, ಯಲಹಂಕ

ಉತ್ತರ: ಆ ತೊಳೆಯುವುದೇ ತೊಂದರೆಯ ಅರ್ಧ ಕಾರಣ ಇರಬಹುದು! ಬೆಂಗಳೂರಿನ ಮಳೆಗಾಲದಲ್ಲಿ ನೆಲ ಬೇಗ ಆರುವುದಿಲ್ಲ. ತೇವದ ಮೇಲೆ ಹೊಟ್ಟು ಹರಡಿದರೆ ಗೊರಸು ದಿನವಿಡೀ ನೆನೆಯುತ್ತದೆ. ನೀವು ಹೇಳಿದ ವಾಸನೆ, ಕಪ್ಪು ಲೋಳೆ ಥ್ರಷ್‌ನ, ಅಂದರೆ ಗೊರಸು ಕೊಳೆಯುವ ಸೋಂಕಿನ ಲಕ್ಷಣ. ಗೊರಸಿನಡಿಯ ತ್ರಿಕೋನಾಕಾರದ ಮೆತ್ತನೆ ಭಾಗ, ಅಂದರೆ ಫ್ರಾಗ್, ಅದರ ಪಕ್ಕದ ಸಂದುಗಳಲ್ಲಿ ಕೊಳೆಯುತ್ತದೆ.

ಸೈಸ್‌ಗೆ (ಕುದುರೆ ನೋಡಿಕೊಳ್ಳುವವರಿಗೆ) ಹೇಳಿ: ಬೆಳಗಿನ ಓಟದ ನಂತರ ಮತ್ತು ಸಂಜೆ, ದಿನಕ್ಕೆ 2 ಸಲ ಗೊರಸು ಕೆದಕಬೇಕು. ಕೊಕ್ಕೆ ಹಿಮ್ಮಡಿಯಿಂದ ಮುಂದಕ್ಕೆ ಸಾಗಲಿ, ಫ್ರಾಗ್‌ಗೆ ಚುಚ್ಚಬಾರದು. ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ತಾಗಿಸಿ. ಒದ್ದೆ ಗೊರಸಿಗೆ ಔಷಧ ಹಚ್ಚಿದರೆ ದಂಡ.

ನೆಲ ಪೂರ್ತಿ ಒಣಗಿದ ಮೇಲಷ್ಟೇ ಸುಮಾರು 6 ಅಂಗುಲ ಹೊಟ್ಟು ಹಾಕಿ. ಕುಕ್ಕರುಗಾಲಲ್ಲಿ ಕೂತು ಮೂಸಿ ನೋಡಿ, ಕಣ್ಣು ಉರಿದರೆ ಮೂತ್ರದ ಅಮೋನಿಯಾ ಇನ್ನೂ ಇದೆ ಎಂದರ್ಥ. ಲಾಳದವರು 4–5 ವಾರಕ್ಕೊಮ್ಮೆ ಬರಲಿ.

ಕುಂಟಿದರೆ, ಕಾಲು ಊದಿದರೆ ಓಟ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ. ಟೆಟನಸ್ ಲಸಿಕೆ ಬಾಕಿಯಿದೆಯೇ ಎಂದು ಅವರನ್ನೇ ಕೇಳಿ.