ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನು) ಚಿಕಿತ್ಸೆಯ ಬಗ್ಗೆ ಟ್ರಾನ್ಸ್ ಪುರುಷರು (ಹುಟ್ಟಿನಲ್ಲಿ ಹೆಣ್ಣೆಂದು ಗುರುತಿಸಲ್ಪಟ್ಟ ಪುರುಷರು) ಮಾಡುವ ವಿಡಿಯೋಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಅನುಭವದ ದಾಖಲೆಯಾಗಿ ಧಾರಾಳವಾಗಿ ನಂಬಬಹುದು. ನಿಮ್ಮ ದೇಹದ ವೇಳಾಪಟ್ಟಿಯಾಗಿ ನಂಬಬಾರದು.

ಇವುಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವುದು ದನಿಯ ಭಾಗ. ಒಬ್ಬರೇ ವ್ಯಕ್ತಿ ತಿಂಗಳಿಗೊಮ್ಮೆ ಅದೇ ಗೋಡೆಯ ಮುಂದೆ ಕುಳಿತು, "ಇದು ಮೂರನೆಯ ತಿಂಗಳ ನನ್ನ ದನಿ" ಎಂಬಂಥ ಒಂದೇ ವಾಕ್ಯವನ್ನು ಹೇಳುತ್ತಾ ಹೋಗುವಾಗ, ದನಿ ಒಡೆಯುವುದು, ಹಾಡಲು ಹೋಗಿ ಸ್ವರ ಕೈಕೊಡುವುದು, ಕೊನೆಗೆ ತಗ್ಗಿ ನೆಲೆಗೊಳ್ಳುವುದು ಯಾವ ಕೈಪಿಡಿಯೂ ಕೇಳಿಸಲಾರದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಟೆಸ್ಟೋಸ್ಟೆರಾನ್ ಧ್ವನಿತಂತುಗಳನ್ನು ದಪ್ಪಗೊಳಿಸುವುದೇ ಇದಕ್ಕೆ ಕಾರಣ. ಚಿಕಿತ್ಸೆ ನಿಲ್ಲಿಸಿದರೂ ಹಳೆಯ ದನಿ ತಾನಾಗಿ ಮರಳುವುದಿಲ್ಲ.

ತೊಡಕಿರುವುದು ಕಾಲದ ವಿಷಯದಲ್ಲಿ. ಮುಟ್ಟು ಸಾಮಾನ್ಯವಾಗಿ ಮೊದಲ 6 ತಿಂಗಳೊಳಗೆ ನಿಲ್ಲುತ್ತದೆ, ಮೊಡವೆಗಳೂ ಬೇಗನೆ ಬರುತ್ತವೆ. ಆದರೆ ಗಡ್ಡ ಪೂರ್ತಿ ತುಂಬಲು 4–5 ವರ್ಷಗಳೇ ಬೇಕಾಗಬಹುದು, ಅದರ ದಟ್ಟಣೆಯನ್ನು ಬಹುಮಟ್ಟಿಗೆ ವಂಶವಾಹಿಗಳು ನಿರ್ಧರಿಸುತ್ತವೆ. ಎರಡು ನಿಮಿಷಕ್ಕೆ ಕತ್ತರಿಸಿ ಜೋಡಿಸಿದ ವಿಡಿಯೋದಲ್ಲಿ ಈ ಕಾಯುವಿಕೆಯೇ ಕಾಣೆಯಾಗಿರುತ್ತದೆ. ಬದಲಾವಣೆಯಿಂದ ಸಂತೋಷಗೊಂಡವರೇ ಹೆಚ್ಚಾಗಿ ಕ್ಯಾಮೆರಾ ಮುಂದೆ ಬರುತ್ತಾರೆಂಬುದೂ (ಅದು ಸಹಜವೇ) ನೆನಪಿರಲಿ.

ಕ್ಯಾಮೆರಾಕ್ಕೆ ಕಾಣದ ಸಂಗತಿಗಳೂ ಇವೆ. ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಮಿತಿಮೀರಿ ಏರಬಹುದಾದ್ದರಿಂದ, ಮೊದಲ ವರ್ಷದಲ್ಲಿ ಸುಮಾರು 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುವುದು ರೂಢಿ. ಮುಟ್ಟು ನಿಂತಿದ್ದರೂ ಗರ್ಭ ಧರಿಸುವ ಸಾಧ್ಯತೆ ಇದ್ದೇ ಇರುತ್ತದೆ, ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ. ಇಂಜೆಕ್ಷನ್ ತೆಗೆದುಕೊಳ್ಳುವಾಗಿನ ಅಳುಕನ್ನು ಕಳೆದುಕೊಳ್ಳಲು ವಿಡಿಯೋ ನೋಡಿ, ಪ್ರಮಾಣವನ್ನು ಮಾತ್ರ ನಿಮ್ಮ ರಕ್ತದ ವರದಿ ನೋಡಿದ ವೈದ್ಯರಿಂದಲೇ ತಿಳಿಯಿರಿ.